ಮುತ್ಯಾ ಕಂಡ ಡೈನೋಸಾರ್

ಕಾಖಂಡಕಿಯಲ್ಲಿ ಕಲೆಯ ಮಾತೆತ್ತಬೇಕೆಂದರೆ ಎತ್ತು ಬಲ್ಲವರ ಮುಂದೆ ಎತ್ತಬೇಕು. ಕಾರಹುಣ್ಣಿಮೆಯ ಕರಿಗೆ, ಅಂದರೆ ಎತ್ತು ಓಡಿಸುವ ಆಚರಣೆಗೆ, ಹೆಸರಾದ ಊರಿದು. ಓಡಿಬರುವ ಹೋರಿ ಎಡಕ್ಕೆ ಹೊರಳುತ್ತದೋ ಬಲಕ್ಕೋ ಎಂದು ಅದರ ಹೆಗಲು ನೋಡಿಯೇ ಹೇಳುವವರು ಇಲ್ಲಿ ಕಟ್ಟೆ ತುಂಬ ಕೂತಿರುತ್ತಾರೆ. ಇಂಥ ಊರಲ್ಲಿ, ವಿಜಯಪುರಕ್ಕೆ ಹೋಗಿ ಮೆಕ್ಯಾನಿಕಲ್ ಓದುವ ನಾನು ರಜೆಗೆ ಬಂದವನು ಮನೆಯವರಿಗೆ ಮೊಬೈಲಿನಲ್ಲಿ ಚಲಿಸುವ ಶಿಲ್ಪ ತೋರಿಸಲು ಹೊರಟೆ.

ಮೊದಲು ನಮ್ಮವರದೇ ಇರಲಿ ಎಂದು ಸುದರ್ಶನ ಶೆಟ್ಟಿಯವರ ಕೆಲಸ ತೆಗೆದೆ. 1961ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು, ಯಕ್ಷಗಾನ ಕಲಾವಿದರ ಮಗ, 2016ರ ಕೊಚ್ಚಿ ಬಿನಾಲೆಯ ಹೊಣೆ ಹೊತ್ತವರು. ಇಲ್ಲಿಯವರೆಗೆ ಮುತ್ಯಾ ಮೆಚ್ಚಿ ತಲೆಯಾಡಿಸಿದ. ಆಮೇಲೆ ಚಿತ್ರ ಬಂತು: ಉಕ್ಕಿನ ಡೈನೋಸಾರ್ ಅಸ್ಥಿಪಂಜರ, ಅದರ ಮುಂದೊಂದು ಜಾಗ್ವಾರ್ ಕಾರು. ಯಂತ್ರ ನಡೆದರೆ ಡೈನೋಸಾರ್ ಹಿಂದೆ ಮುಂದೆ ಆಡುತ್ತದೆ. 2006ರ ಈ ಕೃತಿಯ ಹೆಸರು ‘ಲವ್’.

“ಏನ್ ಮಾಡಾಕತ್ತೈತಿ ಇದು?”

“ಕಾರ್ ದಬ್ಬಾಕತ್ತೈತಿ, ಮುತ್ಯಾ.”

ಮುತ್ಯಾ ಚಷ್ಮಾ ಏರಿಸಿಕೊಂಡ. “ಹುಟ್ಟಿದಾಗಿಂದ ದನಾ ಕಟ್ಟೀನಿ ತಮ್ಮಾ. ನನಗ ಹೇಳ್ತೀಯೇನು?”

ಅವ್ವ ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋದಳು. ಗ್ರಾಹಕ ಸಂಸ್ಕೃತಿ, ಕಾಮನೆ, ನಿರ್ಜೀವ ಯಂತ್ರ ಎಂದು ವಿಮರ್ಶಕರು ಬೇಕಾದಷ್ಟು ಪುಟ ತುಂಬಿಸಲಿ, ಕಾಖಂಡಕಿಯ ವಿಮರ್ಶೆ ಒಂದೇ ನೋಟಕ್ಕೆ ಮುಗಿದಿತ್ತು. ಮುತ್ಯಾನಿಗೆ ಉಳಿದದ್ದು ಒಂದೇ ಅನುಮಾನ: “ಕಾರ್ ಹೊಸಾದೋ, ಸೆಕೆಂಡ್ ಹ್ಯಾಂಡೋ?”

ವೆಲ್ಡಿಂಗ್ ಅಂಗಡಿಯ ಕಾಕಾನಿಗೆ ಅಮೆರಿಕದ ಆರ್ಥರ್ ಗ್ಯಾನ್ಸನ್ ಅವರ ಯಂತ್ರ ತೋರಿಸಿದೆ. ಒಂದು ತುದಿಗೆ ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುವ ಮೋಟಾರು. ಅದರಾಚೆ ಹನ್ನೆರಡು ಜೊತೆ ವರ್ಮ್ ಗೇರು. ಪ್ರತಿ ಜೊತೆಯೂ ವೇಗವನ್ನು ಐವತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಕೊನೆಯ ಗೇರು ಗಟ್ಟಿ ಕಾಂಕ್ರೀಟಿನಲ್ಲಿ ಹೂತಿದೆ. ಆದರೂ ಮೋಟಾರು ಆರಾಮಾಗಿ ತಿರುಗುತ್ತಲೇ ಇದೆ, ಏಕೆಂದರೆ ಆ ಕೊನೆಯ ಗೇರು ಒಂದು ಸುತ್ತು ಬರಲು 2 ಲಕ್ಷ ಕೋಟಿ ವರ್ಷಕ್ಕೂ ಹೆಚ್ಚು ಬೇಕು. ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಸರ್ಕಾರಿ ಕಚೇರಿಯಲ್ಲಿ ನನ್ನ ಸ್ಕಾಲರ್‌ಶಿಪ್ ಅರ್ಜಿ ಹೀಗೇ ಚಲಿಸುತ್ತಿದೆ ಎಂಬುದು ನನಗೆ ಅಲ್ಲೇ ಹೊಳೆಯಿತು.

ಕಾಕಾ ನಗಲಿಲ್ಲ. ವಿಡಿಯೊ ಹಿಂದಕ್ಕೆ ಎಳೆದು ಮತ್ತೆ ನೋಡಿದ. “ಮೊದಲ ಸಿಮೆಂಟ್ ಒಡಿತೈತೋ, ಗೇರಿನ ಹಲ್ಲ ಮುರಿತೈತೋ?” ನಾಲ್ಕು ಸೆಮಿಸ್ಟರ್ ಕಳೆದರೂ ನನ್ನ ತಲೆಗೆ ಬಾರದ ಪ್ರಶ್ನೆ ಅದು. ಗೇರ್ ಟ್ರೇನ್ ಪಾಠದ ಕೊನೆಗೆ ನಮಗೆ ಕೇಳುವುದು ‘ಉಪಯೋಗಗಳನ್ನು ಬರೆಯಿರಿ’ ಎಂದು. ಗ್ಯಾನ್ಸನ್ ನಮ್ಮ ವೈವಾಕ್ಕೆ ಬಂದಿದ್ದರೆ ಫೇಲು.

ಶಿಲ್ಪಿ ಜಾನ್ ಟಿಂಗ್ಲಿಯ ಕಥೆ ಮಾತ್ರ ಮನೆಯಲ್ಲಿ ನಡೆಯಲಿಲ್ಲ. 1960ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ತೋಟದಲ್ಲಿ ಸೈಕಲ್ ಗಾಲಿ, ಸ್ನಾನದ ತೊಟ್ಟಿ, ಪಿಯಾನೊ ಎಲ್ಲ ಕೂಡಿಸಿ, ತನ್ನನ್ನು ತಾನೇ ಮುರಿದುಕೊಳ್ಳುವ ಯಂತ್ರ ಕಟ್ಟಿದ್ದ ಪುಣ್ಯಾತ್ಮ. ಅದು 27 ನಿಮಿಷ ಆಡಿ, ಬೆಂಕಿ ಹತ್ತಿ, ಅಗ್ನಿಶಾಮಕದವರು ಆರಿಸಬೇಕಾಯಿತು. “ಪಿಯಾನೊ ಚೊಲೋ ಇತ್ತೇನು?” ಎಂದು ಅವ್ವ ಒಳಗಿನಿಂದಲೇ ಕೇಳಿದಳು. ಹೌದೆಂದರೆ ನನ್ನ ಓದಿಗೇ ಕುತ್ತು ಬರುವ ದನಿ ಅದು.

“ಇದರಿಂದ ಹೊಟ್ಟಿ ತುಂಬತೈತೇನು?” ಎಂಬ ಪ್ರಶ್ನೆಯೂ ಮುತ್ಯಾನಿಂದ ಬಂತು. ಆದಿಲ್‌ಶಾಹಿ ದರಬಾರಿನ ಹುದ್ದೆ ಬಿಟ್ಟು ಹಾಡು ಕಟ್ಟುತ್ತ ಕೂತ ಮಹಿಪತಿದಾಸರ ಊರಿನವರು ಇದನ್ನು ಕೇಳಬಾರದು ಎಂದೆ. ಮುತ್ಯಾ ಸುಮ್ಮನಾದ. ಸೋತದ್ದಕ್ಕಲ್ಲ, ಚಹಾ ಬಂದಿತ್ತು.

ನನ್ನ ತೀರ್ಪು ಇಷ್ಟೇ: ಚಲಿಸುವ ಶಿಲ್ಪಕ್ಕೆ ಕಾಕಾನಂಥ ನೋಡುಗ ಬೇಕು, ಅರ್ಥಕ್ಕಿಂತ ಮೊದಲು ಗೇರು ನೋಡುವವನು. ಇದನ್ನು ಓದುವ ಕಲಾವಿದರಲ್ಲಿ ಒಂದು ವಿನಂತಿ. ನಿಮ್ಮ ಯಂತ್ರವನ್ನು ಒಮ್ಮೆ ಕಾಖಂಡಕಿಗೂ ತನ್ನಿ. ಮುಚ್ಚಳ ಹಾಕಬೇಡಿ, ಗಾಜಿನ ಪೆಟ್ಟಿಗೆಯೂ ಬೇಡ. ಕರೆಂಟು ನಂಬಲು ಬಾರದು, ಜನರೇಟರ್ ತನ್ನಿ. ಡೀಸೆಲ್ಲಿಗೆ ನಾವು ಪಟ್ಟಿ ಎತ್ತುತ್ತೇವೆ.