ನಾರ್ವೆಗೆ ಹೊರಟ ಹರಿಗೋಲು

ಹಂಪಿಯ ಎದುರು, ತುಂಗಭದ್ರೆಯ ಆಚೆಗಿರುವ ವಿರೂಪಾಪುರಗಡ್ಡೆಯ ದಡದಲ್ಲಿ ಬೋರಲು ಬಿದ್ದಿದ್ದ ಹರಿಗೋಲು ಒಂದೇ ಷರತ್ತಿನ ಮೇಲೆ ಸಂದರ್ಶನಕ್ಕೆ ಒಪ್ಪಿತು: ಡಾಂಬರು ಬಳಿದ ಬೆನ್ನಿನ ಫೋಟೊ ತೆಗೆಯಕೂಡದು. ಪಾಪ, ಅದರ ಬಿಂಕಕ್ಕೂ ಕಾರಣವಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದರ ಪೂರ್ವಜರನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಮಂದಿ ಕೂರಬಹುದು, ಬೇಕಾದರೆ ಕುದುರೆಯನ್ನೂ ಹತ್ತಿಸಬಹುದು ಎಂದು. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ ಬಂದಿದೆ. ಗಿರಗಿರ ತಿರುಗುವ ಚಾಳಿ ಮಾತ್ರ ಹೋಗಿಲ್ಲ.

"ಪರದೇಶಕ್ಕೆ ಹೊರಟಿದ್ದೀರಂತೆ?" ಎಂದು ವರದಿಗಾರ ಕೇಳಿದ.

"ಹೌದ್ರಿ, ನಾರ್ವೆಕ್ಕ. ಅಗ್ಗದಾಗ ಊರು ಸುತ್ತೋದು ನನಗ ಕಲಿಸಿದವ್ರೇ ಆ ಕಡೀ ಮಂದಿ. ಬೆನ್ನಿಗೆ ಅರ್ಧ ಮನೀ ಕಟ್ಕೊಂಡು ಬಂದು, ಹತ್ತು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡ್ತಿದ್ರು. ಗುಡಿ ಇರೋ ಆ ದಂಡ್ಯಾಗ ಮಾಂಸ, ಬಿಯರ್ ನಡ್ಯಂಗಿಲ್ಲ ಅಂತ ಈ ದಂಡಿಗೆ ಬರೋರು. ಭತ್ತದ ಗದ್ದಿ ನೋಡ್ಕೋತ ಜೋಕಾಲ್ಯಾಗ ಬಿದ್ಕೊಳ್ಳೋರು."

ಆ ಜೋಕಾಲಿಗಳು ಈಗಿಲ್ಲ. ಕೃಷಿ ಜಮೀನಿನಲ್ಲಿ ಅನುಮತಿಯಿಲ್ಲದೆ ಎದ್ದಿದ್ದ ರೆಸಾರ್ಟ್‌ಗಳ ತೆರವಿಗೆ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹಸಿರು ನಿಶಾನೆ ತೋರಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಹರಿಗೋಲಿನ ಗಿರಾಕಿಗಳೂ ಚದುರಿದರು.

"ಹಾಗಾದರೆ ಅಗ್ಗದ ಪ್ರವಾಸದ ಗುಟ್ಟೇನು?"

"ಗುಟ್ಟು ಪಾಸ್‌ಪೋರ್ಟ್‌ನಾಗ ಐತ್ರಿ, ಜಿಪುಣತನದಾಗ ಅಲ್ಲ."

ಮಾತು ಸುಳ್ಳಲ್ಲ. ಭಾರತದ 30 ದಿನದ ಪ್ರವಾಸಿ ಇ-ವೀಸಾವನ್ನು ಪರದೇಶದವರು ಮನೆಯಲ್ಲೇ ಕೂತು ಪಡೆಯಬಹುದು. ಹೆಚ್ಚಿನ ದೇಶದವರಿಗೆ ಏಪ್ರಿಲ್‌ನಿಂದ ಜೂನ್‌ವರೆಗೆ ಅದರ ಶುಲ್ಕ 10 ಡಾಲರ್, ಮಿಕ್ಕ ತಿಂಗಳು 25. "ಬಂಡಿ ಮ್ಯಾಲ ರೊಟ್ಟಿ ಸುಡೋ ಬಿಸಿಲಾಗ ಬಂದ್ರ ರಿಯಾಯ್ತಿ" ಎಂದು ಹರಿಗೋಲು ನಕ್ಕಿತು. ಗಡ್ಡೆಯ ಹುಡುಗ ನಾರ್ವೆಗೆ ಹೋಗಬೇಕೆಂದರೆ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಕೊಡಬೇಕು. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ 2001ರಿಂದ ಷೆಂಗೆನ್ ಎಂಬ ಸಾಮಾನ್ಯ ವೀಸಾ ವ್ಯವಸ್ಥೆಯೊಳಗಿದೆ. ಹಾಗಾಗಿ ಶುಲ್ಕ 90 ಯೂರೊ, ಅಂದರೆ ಒಂಬತ್ತು ಸಾವಿರ ರೂಪಾಯಿ ಆಸುಪಾಸು. ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕು. ಮೇಲೆ, ಅಲ್ಲಿರುವ ಪ್ರತಿ ದಿನಕ್ಕೂ ಸುಮಾರು 500 ಕ್ರೋನರ್, ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಗೂ ಹೆಚ್ಚು, ಕೈಯಲ್ಲಿದೆ ಎಂದು ಬ್ಯಾಂಕ್ ಲೆಕ್ಕ ತೋರಿಸಬೇಕು.

"ನಾನು ದಿನಕ್ಕ ಇನ್ನೂರರಾಗ ಜೀವನ ಮಾಡ್ತೀನಿ ಅಂದ್ರ ಕೇಳಂಗಿಲ್ರಿ ಅವ್ರು. ಅಗ್ಗದಾಗ ಹೋಗೋನು ಮೊದ್ಲು ಸಾವ್ಕಾರ ಅಂತ ಸಾಬೀತು ಮಾಡ್ಬೇಕು. ಆಮ್ಯಾಲ, ವಾಪಸ್ ಬರ್ತೀನಿ ಅನ್ನಾಕ ಪುರಾವೆ ಕೊಡ್ಬೇಕಂತ! ಐನೂರು ವರ್ಷದಿಂದ ಹೋದ ದಂಡಿಯಿಂದ ದಿನಾ ವಾಪಸ್ ಬಂದೀನಿ. ಇದಕ್ಕಿಂತ ಏನ್ ಪುರಾವೆ ಬೇಕ್ರಿ?"

ಪುರಾವೆ ಎಂದರೆ ನೌಕರಿಯ ಪತ್ರ, ಜಮೀನಿನ ಪಹಣಿ, ತೆರಿಗೆ ವಿವರ. ಹರಿಗೋಲಿನ ಬಳಿ ಮೂರೂ ಇರಲಿಲ್ಲ.

ದೇಶದೊಳಗೆ ಕಾಲಿಟ್ಟರೆ ಮಾತ್ರ ನಾರ್ವೆ ಬಡವನ ಮೇಲೆ ಕರುಣೆ ತೋರುತ್ತದೆ. 1957ರ ಹೊರಾಂಗಣ ಕಾಯ್ದೆಯ ಪ್ರಕಾರ ಬೇಲಿಯಿಲ್ಲದ, ಉಳುಮೆಯಿಲ್ಲದ ನೆಲದಲ್ಲಿ, ಹತ್ತಿರದ ಮನೆಯಿಂದ 150 ಮೀಟರ್ ದೂರ ಡೇರೆ ಹಾಕಿ ಎರಡು ರಾತ್ರಿ ಮಲಗಬಹುದು. ಯಾರನ್ನೂ ಕೇಳಬೇಕಿಲ್ಲ, ಕಾಸು ಕೊಡಬೇಕಿಲ್ಲ. 1868ರಲ್ಲಿ ಹುಟ್ಟಿದ ಅಲ್ಲಿನ ಚಾರಣ ಸಂಘದ ಬೆಟ್ಟದ ಗುಡಿಸಲುಗಳಲ್ಲಿ ಎಷ್ಟೋ ಕಡೆ ಕಾವಲುಗಾರನೇ ಇರುವುದಿಲ್ಲ. ಸದಸ್ಯರೇ ಬೀಗ ತೆಗೆದು, ಉಂಡು, ಬಾಡಿಗೆಯನ್ನು ತಾವೇ ಲೆಕ್ಕ ಹಾಕಿ ಕಟ್ಟುತ್ತಾರೆ. ಓಸ್ಲೊದಿಂದ ಬರ್ಗೆನ್‌ಗೆ 1909ರಲ್ಲಿ ಪೂರ್ತಿಯಾದ ರೈಲು ಮಾರ್ಗವಿದೆ, ಏಳು ತಾಸಿನ ಆಸುಪಾಸಿನ ದಾರಿ. ಟಿಕೆಟ್ ಮುಂಚಿತವಾಗಿ ಕೊಂಡಷ್ಟೂ ಅಗ್ಗ. ನಲ್ಲಿ ನೀರು ಸಲೀಸಾಗಿ ಕುಡಿಯಬಹುದು. ಹೋಟೆಲ್ ಊಟ ಮಾತ್ರ ಜೇಬು ಸುಡುತ್ತದೆ.

"ಊಟದ್ದು ಚಿಂತಿಲ್ರಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಮ್ಯಾಲ ಒಂದು ಡಬ್ಬಿ ಧಾರವಾಡ ಪೇಡಾ, ಒಂದು ಬಾಟ್ಲಿ ತುಪ್ಪ."

ಇಲ್ಲಿ ವರದಿಗಾರ ತಡೆಯಬೇಕಾಯಿತು. ಯುರೋಪಿನ ಆರ್ಥಿಕ ವಲಯದ ಹೊರಗಿನಿಂದ ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ನಾರ್ವೆಗೆ ಒಯ್ಯುವಂತಿಲ್ಲ. ಪೇಡಾ, ತುಪ್ಪ ಎರಡೂ ಕಸ್ಟಮ್ಸ್‌ನಲ್ಲೇ ಕಸದ ಬುಟ್ಟಿ ಸೇರುತ್ತವೆ.

ಬಿಯರ್ ವಿಷಯ ಕೇಳಿ ಹರಿಗೋಲು ಮತ್ತೂ ಬೆಚ್ಚಿತು. ಅಲ್ಲಿನ ದಿನಸಿ ಅಂಗಡಿಗಳಲ್ಲಿ ರಾತ್ರಿ 8ರ ನಂತರ ಬಿಯರ್ ಮಾರುವಂತಿಲ್ಲ, ಶನಿವಾರ 6ಕ್ಕೇ ಬಂದ್, ಭಾನುವಾರ ಇಲ್ಲವೇ ಇಲ್ಲ. ಗಟ್ಟಿ ಮದ್ಯಕ್ಕೆ ಸರ್ಕಾರಿ ಅಂಗಡಿಯೊಂದೇ ಗತಿ. "ಹಂಗಾರ ಅವ್ರು ಈ ದಂಡಿಗೆ ಓಡಿ ಬರ್ತಿದ್ದುದು ತಪ್ಪಲ್ಲ ಬಿಡ್ರಿ."

ಬರ್ಗೆನ್‌ನಲ್ಲಿ ನೋಡಬೇಕೆಂದು ಅದು ಹಟ ಹಿಡಿದಿರುವುದು ಬ್ರಿಗ್ಗೆನ್ ಎಂಬ ಮರದ ಮನೆಗಳ ಸಾಲನ್ನು. 1702ರಲ್ಲಿ ಸುಟ್ಟು, ಮತ್ತೆ ಎದ್ದ ಕೇರಿ ಅದು. 1979ರಲ್ಲಿ, ಹಂಪಿಗಿಂತ ಏಳು ವರ್ಷ ಮೊದಲು, ವಿಶ್ವ ಪರಂಪರೆ ಪಟ್ಟಿ ಸೇರಿತು. ಅಂಗಡಿಗಳೂ ಕುಶಲಕರ್ಮಿಗಳ ಕಾರ್ಯಾಗಾರಗಳೂ ಇಂದಿಗೂ ಅದರೊಳಗೇ ನಡೆಯುತ್ತವೆ. "ಅಲ್ಲಿ ನಡೀತೈತಿ, ಇಲ್ಯಾಕ ನಡೀಲಿಲ್ಲ?" ಎಂದು ಹರಿಗೋಲು ಕೇಳಿತು. ಅಲ್ಲಿನದು ಹಳೆಯ ಕಟ್ಟಡದೊಳಗಿನ ಅಂಗಡಿ, ಇಲ್ಲಿನದು ಹೊಲದಲ್ಲಿ ಎದ್ದ ಹೊಸ ಗೋಡೆ, ಹೋಲಿಕೆ ಸರಿಹೊಂದದು. ಆದರೂ ನಾಲ್ಕು ಕಾಸು ಕಾಣುತ್ತಿದ್ದ ಅಂಬಿಗನಿಗೆ ಈ ವ್ಯತ್ಯಾಸ ವಿವರಿಸಿ ಹೊಟ್ಟೆ ತುಂಬಿಸಲಾಗದು.

"ವೀಸಾ ಸಿಗದಿದ್ದರೆ?"

"2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿಂದು ಹತ್ತೊಂಬತ್ತನೇ ಗೇಟ್ ಕೊಚ್ಕೊಂಡು ಹೋತಲ್ರಿ, ಅವತ್ತು ದಂಡ್ಯಾಗಿನ ಹಗ್ಗ ಬಿಚ್ಚಿದ್ರ ಸಾಕಿತ್ತು. ಅರ್ಜಿ ಇಲ್ದ, ಬೆರಳಚ್ಚು ಇಲ್ದ ಕೃಷ್ಣಾ ಸೇರಿ, ಬಂಗಾಳ ಕೊಲ್ಲಿ ಮುಟ್ತಿದ್ದೆ."

ಗದ್ದೆ, ನೌಕರಿ, ಬ್ಯಾಂಕ್ ಖಾತೆ ಇರುವ ಓದುಗರಿಗೆ ದಾರಿ ಇಷ್ಟು ಕಠಿಣವಲ್ಲ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು; ಜೂನ್‌ನಲ್ಲಿ ಹೊರಡುವವರು ಏಪ್ರಿಲ್ ತನಕ ಕಾಯಬೇಡಿ. ವೀಸಾ ಕೈಗೆ ಬರುವ ಮೊದಲು ಹಣ ಮರಳದ ವಿಮಾನ ಟಿಕೆಟ್ ಕೊಳ್ಳಬೇಡಿ. ಅರ್ಜಿ ತಿರಸ್ಕೃತವಾದರೆ ಆ 90 ಯೂರೊ ವಾಪಸ್ ಬರುವುದಿಲ್ಲ.