ಅಂಟಾರ್ಕ್ಟಿಕಾಕ್ಕೆ ಹೊರಟ ನೆರೆಯವರಿಗೆ, ಚಂದಾಪುರ ಕೆರೆಯ ಕಡೆಯಿಂದ



ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿದು, ಚಂದಾಪುರ–ಬೊಮ್ಮಸಂದ್ರದ ಅಪಾರ್ಟ್‌ಮೆಂಟುಗಳಲ್ಲಿ ಮನೆ ಮಾಡಿ, ಈ ಸಲದ ರಜೆಗೆ ಅಂಟಾರ್ಕ್ಟಿಕಾದ ಹಡಗಿನಲ್ಲಿ ಸೀಟು ಕಾಯ್ದಿರಿಸಿರುವ ನಿಮ್ಮೆಲ್ಲರಿಗೂ ಈ ಪತ್ರ. ಸಂತೋಷವಾಗಿ ಹೋಗಿ ಬನ್ನಿ. ಹಣ ನೀವು ದುಡಿದದ್ದು, ಕನಸೂ ನಿಮ್ಮದೇ. ನಾನು ಕೇಳಿಕೊಳ್ಳುವುದು ಇಷ್ಟೇ: ಪೆಂಗ್ವಿನ್ ನೋಡುವಷ್ಟೇ ಆಸೆಯಿಂದ, ಆ ಹಡಗಿನ ಮೇಲೆ ನೀವೇ ಹೇಗೆ ಬದುಕುತ್ತೀರಿ ಎಂಬುದನ್ನೂ ನೋಡಿ ಬನ್ನಿ.

ಅರ್ಜೆಂಟೀನಾದ ಉಶುವಾಯಾದಲ್ಲಿ ಹಡಗು ಹತ್ತುತ್ತೀರಿ. ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಿಕೊಳ್ಳಬೇಕು ಎಂಬ ತಾಲೀಮು ಮೊದಲು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2007ರ ನವೆಂಬರ್‌ನಲ್ಲಿ ಎಂ.ಎಸ್. ಎಕ್ಸ್‌ಪ್ಲೋರರ್ ಎಂಬ ಪ್ರವಾಸಿ ಹಡಗು ಅಂಟಾರ್ಕ್ಟಿಕಾದ ನೀರಿನಲ್ಲೇ ಹಿಮಕ್ಕೆ ತಾಗಿ ಮುಳುಗಿತು. ಅದರಲ್ಲಿದ್ದ 154 ಜನರೂ ದೋಣಿಗಳಲ್ಲಿ ಕಾದು, ಇನ್ನೊಂದು ಹಡಗು ಬಂದಿದ್ದರಿಂದ ಬದುಕಿದರು. ತಾಲೀಮು ಮುಗಿದ ಮೇಲೆ ಸುಮಾರು ಎರಡು ದಿನ ಡ್ರೇಕ್ ಜಲಮಾರ್ಗ. ಅಲೆ ಎದ್ದರೆ ಊಟದ ಮೇಜು ಖಾಲಿ, ಕಾರಿಡಾರಿನಲ್ಲಿ ಕಂಬಿ ಹಿಡಿದೇ ನಡೆಯಬೇಕು. ಒಂದು ಬೆಳಿಗ್ಗೆ ಕಡಲು ಸುಮ್ಮನಾಗುತ್ತದೆ, ಕಿಟಕಿಯಾಚೆ ಮೊದಲ ಹಿಮಬಂಡೆ ಕಾಣುತ್ತದೆ. ಅಲ್ಲಿಗೆ ಹೋಗಿ ಬಂದವರು ಫೋಟೊ ತೋರಿಸುವಾಗ ಇಲ್ಲಿಗೆ ಬಂದು ಮಾತು ನಿಲ್ಲಿಸುತ್ತಾರೆ. ಅವರ ಮುಖ ನೋಡಿದರೆ ಸಾಕು, ನೀವು ಯಾಕೆ ಹೋಗುತ್ತಿದ್ದೀರಿ ಎಂದು ಕೇಳುವ ಮನಸ್ಸೇ ಬರುವುದಿಲ್ಲ.

ನೆಲಕ್ಕೆ ಕಾಲಿಡುವ ಮುಂಚೆ ನಿಮ್ಮ ಬಟ್ಟೆಬರೆ ತಪಾಸಣೆಯಾಗುತ್ತದೆ. ಜಾಕೆಟ್ಟಿನ ಜೇಬು, ವೆಲ್ಕ್ರೋ ಪಟ್ಟಿ, ಬ್ಯಾಗಿನ ಹೊಲಿಗೆ ಎಲ್ಲವನ್ನೂ ವ್ಯಾಕ್ಯೂಮ್ ಹಿಡಿದು, ಚಿಮುಟದಿಂದ ಹೆಕ್ಕಿ, ಒಂದು ಹುಲ್ಲಿನ ಬೀಜವೂ ಉಳಿಯದ ಹಾಗೆ ತೆಗೆಯುತ್ತಾರೆ. ಇದಕ್ಕೆ ಕಾರಣವಿದೆ. ಮನುಷ್ಯರ ಜತೆ ಹೋದ ಪೋವಾ ಆನ್ಯುವಾ ಎಂಬ ಸಾಮಾನ್ಯ ಹುಲ್ಲು ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿ ಬೇರು ಬಿಟ್ಟಿದೆ. ಗಮ್‌ಬೂಟುಗಳನ್ನು ಸೋಂಕುನಾಶಕದಲ್ಲಿ ಅದ್ದಿ ತೊಳೆಯುವ ಕೆಲಸ ದಡಕ್ಕೆ ಇಳಿಯುವಾಗಲೂ ಇದೆ, ಹತ್ತುವಾಗಲೂ ಇದೆ. ಒಂದು ಜಾಗದಲ್ಲಿ ಒಮ್ಮೆಗೆ ನೂರು ಪ್ರವಾಸಿಗರಿಗಿಂತ ಹೆಚ್ಚು ದಡದಲ್ಲಿರುವಂತಿಲ್ಲ. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಾದರೆ ಯಾರನ್ನೂ ಇಳಿಸುವಂತೆಯೇ ಇಲ್ಲ. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಲ್ಲಬೇಕು, ಅದು ದಾರಿಗೆ ಅಡ್ಡ ಬಂದರೆ ನೀವೇ ಕಾಯಬೇಕು. ದಡದಲ್ಲಿ ತಿನ್ನುವಂತಿಲ್ಲ, ಮೂತ್ರಕ್ಕೆ ಕೂರುವಂತಿಲ್ಲ. ಹಕ್ಕಿಜ್ವರ ಆ ಖಂಡವನ್ನು ಮುಟ್ಟಿದ ಮೇಲೆ ಹಿಮದ ಮೇಲೆ ಮಂಡಿಯೂರಿ ಫೋಟೊ ತೆಗೆಯುವುದಕ್ಕೂ ತಡೆ ಬಿದ್ದಿದೆ. ನೀವು ಇದೆಲ್ಲವನ್ನೂ ಪಾಲಿಸುತ್ತೀರಿ. ನಿಮ್ಮ ಮಕ್ಕಳು ನಿಮಗಿಂತ ಶಿಸ್ತಾಗಿ ಪಾಲಿಸುತ್ತಾರೆ.

ನೀವು ಬಳಸಿದ ನೀರಿನ ಕಥೆಯನ್ನು ಇನ್ನೂ ಗಮನವಿಟ್ಟು ಕೇಳಿ. ಅಂಟಾರ್ಕ್ಟಿಕಾದ ಪರಿಸರ ರಕ್ಷಣೆಗೆ 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಆದ ಒಪ್ಪಂದದ ಪ್ರಕಾರ, ಹತ್ತಕ್ಕಿಂತ ಹೆಚ್ಚು ಜನರನ್ನು ಹೊತ್ತ ಹಡಗು ಶುದ್ಧೀಕರಿಸದ ಕೊಳಚೆಯನ್ನು ನೆಲದಿಂದ 12 ನಾಟಿಕಲ್ ಮೈಲಿಯೊಳಗೆ ಬಿಡಬಾರದು. ಅಂದರೆ ಸುಮಾರು 22 ಕಿಲೋಮೀಟರ್. ಚಂದಾಪುರ ಸರ್ಕಲ್‌ನಿಂದ ಅಳೆದರೆ ಸಿಲ್ಕ್ ಬೋರ್ಡ್‌ಗೂ ಆಚೆ. ಪ್ಲಾಸ್ಟಿಕ್ ಅನ್ನು ಎಲ್ಲಿಯೂ ಎಸೆಯುವಂತಿಲ್ಲ. 2011ರಿಂದ ಅಲ್ಲಿನ ನೀರಿನಲ್ಲಿ ಭಾರೀ ಇಂಧನ ತೈಲ ಬಳಸುವಂತೆಯೂ ಇಲ್ಲ.

ಇಲ್ಲಿ ನಮ್ಮ ಕೆರೆಯ ಮಾತು ಬರುತ್ತದೆ. ಹೊಸೂರು ರಸ್ತೆಯಿಂದ ಆನೇಕಲ್ ಕಡೆ ತಿರುಗುವ ಊರು ನಮ್ಮದು. ಮೇಲುಗಡೆ ಕೈಗಾರಿಕಾ ಪ್ರದೇಶ, ಸುತ್ತ ಲೇಔಟುಗಳು, ಎಲ್ಲದರ ತಗ್ಗಿನಲ್ಲಿ ಚಂದಾಪುರ ಕೆರೆ. ಮಳೆನೀರು ತರಬೇಕಾದ ರಾಜಕಾಲುವೆ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ತಂದಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪತ್ರಿಕಾ ವರದಿ ನೋಡಿ ತಾನಾಗಿಯೇ ಈ ಪ್ರಕರಣ ಕೈಗೆತ್ತಿಕೊಂಡಿತು. 2022ರ ಅಕ್ಟೋಬರ್‌ನಲ್ಲಿ, ಕೆರೆಯನ್ನು ಕಾಪಾಡಲಿಲ್ಲವೆಂದು ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರದ ಹೊಣೆ ಹೊರಿಸಿತು. ಒಂದು ಕೆರೆಗೆ 500 ಕೋಟಿ! ಅದೇ ವರ್ಷದ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆಗೆ ಒಪ್ಪಿಗೆ ಕೊಟ್ಟಿತ್ತು. ಆ ಖಂಡದ ಮಣ್ಣಿನ ಮಾದರಿಯನ್ನು ಪರವಾನಗಿಯಿಲ್ಲದೆ ತರುವುದು ಆ ಕಾಯ್ದೆಯಡಿ ಅಪರಾಧ. ಹಿಮದ ನಾಡಿನ ಹಿಡಿ ಮಣ್ಣನ್ನು ಕಾಯಲು ದಿಲ್ಲಿಯಲ್ಲಿ ಕಾನೂನು ಮಾಡಿದ ವರ್ಷವೇ, ನಮ್ಮ ಊರ ಕೆರೆಯನ್ನು ಕಾಯಲಿಲ್ಲವೆಂದು ದಿಲ್ಲಿಯಿಂದಲೇ ಆದೇಶ ಬಂತು. ನನಗೆ ಇದು ಮರೆಯಲಾಗದ ಸಂಗತಿ.

ಕೆರೆ ಹಾಳಾಗುವುದು ಹಣೆಬರಹವೇನಲ್ಲ. ಪಕ್ಕದ ಹೆಬ್ಬಗೋಡಿ ಕೆರೆಗೆ ಬಯೋಕಾನ್ ಫೌಂಡೇಷನ್ ಕೈ ಹಾಕಿದ ಮೇಲೆ ಅದರ ರೂಪ ಬದಲಾಗಿದ್ದನ್ನು ನಾವೇ ಕಂಡಿದ್ದೇವೆ.

ಅಂಟಾರ್ಕ್ಟಿಕಾಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಹೋಗುವವರು ಇದನ್ನೂ ತಿಳಿದಿರಬೇಕು. ಅಲ್ಲಿಗೆ ಹೋಗುವವರ ಸಂಖ್ಯೆ 2022–23ರ ಬೇಸಿಗೆಯಲ್ಲಿ ಲಕ್ಷ ದಾಟಿತು. ಹಡಗುಗಳ ಹೊಗೆಯ ಕಪ್ಪು ಮಸಿ ಹಿಮದ ಮೇಲೆ ಕೂತು ಬಿಸಿಲನ್ನು ಹೀರುತ್ತದೆ. 2022ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಲೆಕ್ಕದಲ್ಲಿ, ಒಬ್ಬೊಬ್ಬ ಪ್ರವಾಸಿಯ ಪಾಲಿಗೆ ಕರಗುವ ಹಿಮ ಸುಮಾರು 80 ಟನ್. ಬೂಟು ಎಷ್ಟೇ ತೊಳೆದರೂ ಆ ಋಣ ತೀರುವುದಿಲ್ಲ. ತೀರಿಸುವ ಜಾಗ ಊರಲ್ಲೇ ಇದೆ ಎಂಬುದು ನನ್ನ ನಂಬಿಕೆ. ಹಾಗೆಂದೇ ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ನಿಮ್ಮ ಕ್ಯಾಬಿನ್ ಒರೆಸುವವರು, ಕೆಳಗಿನ ಡೆಕ್ಕುಗಳಲ್ಲಿ ಬಟ್ಟೆ ಒಗೆಯುವವರು, ಕೊಳಚೆ ಶುದ್ಧೀಕರಿಸುವ ಯಂತ್ರವನ್ನು ರಾತ್ರಿಯೂ ನೋಡಿಕೊಳ್ಳುವವರು ಇರುತ್ತಾರಲ್ಲ, ಅವರನ್ನು ಮಾತಾಡಿಸಿ. ಪ್ರವಾಸಿ ಹಡಗುಗಳ ಕೆಲಸಕ್ಕೆ ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಹೋಗುವ ಹುಡುಗರು ಬಹಳ. ತಿಂಗಳುಗಟ್ಟಲೆ ಮನೆ ಬಿಟ್ಟಿರುತ್ತಾರೆ. ಅದೃಷ್ಟವಿದ್ದರೆ ಆ ಚಳಿಯಲ್ಲಿ ಕನ್ನಡದಲ್ಲೇ ನಾಲ್ಕು ಮಾತು ಸಿಗಬಹುದು. ಹಡಗು ಚೊಕ್ಕಟವಾಗಿರುವುದು ನಿಯಮದಿಂದ ಮಾತ್ರವಲ್ಲ, ಅವರ ದುಡಿಮೆಯಿಂದ. ನಮ್ಮ ಪುರಸಭೆಯ ಪೌರಕಾರ್ಮಿಕರೂ ಅದೇ ದುಡಿಮೆ ಮಾಡುತ್ತಾರೆ. ಬೆಳಗಿನ ಮೆಟ್ರೊ ಹಿಡಿಯುವ ಗಡಿಬಿಡಿಯಲ್ಲಿ ಅವರ ಹೆಸರು ಕೇಳಲು ನಮಗೆ ಪುರಸೊತ್ತಿಲ್ಲ.

ಹಡಗಿನಲ್ಲಿ ನೀವು ಕೇಳುವ ಪ್ರಶ್ನೆಗಳನ್ನೇ ಬಂದ ಮೇಲೆ ಇಲ್ಲಿ ಕೇಳಿ. ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ದಿನಕ್ಕೆ ಎಷ್ಟು ಗಂಟೆ ಓಡುತ್ತದೆ? ಅದರಿಂದ ಹೊರಬಿದ್ದ ನೀರು ಯಾವ ಕಾಲುವೆಗೆ ಸೇರುತ್ತದೆ? ರಾತ್ರಿ ಹೊತ್ತು ಬರುವ ಟ್ಯಾಂಕರು ಎಲ್ಲಿ ಖಾಲಿಯಾಗುತ್ತದೆ? ಅಸೋಸಿಯೇಷನ್ ಮೀಟಿಂಗಿನಲ್ಲಿ ಇವನ್ನು ನಾನೊಬ್ಬನೇ ಎತ್ತಿದರೆ ಮುಂದಿನ ವಿಷಯಕ್ಕೆ ಹೋಗಿಬಿಡುತ್ತಾರೆ. ಪೆಂಗ್ವಿನ್‌ಗಾಗಿ ಬೂಟು ತೊಳೆದು ಬಂದವರು ಹತ್ತು ಜನ ಎದ್ದು ನಿಂತರೆ ಹಾಗೆ ಮಾಡಲಾರರು.

ಪುರಸಭೆಗೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಅರ್ಜಿ ಬರೆದಿಟ್ಟಿದ್ದೇನೆ. ಕೆರೆಗೆ ಸೇರುವ ಪ್ರತಿಯೊಂದು ಕಾಲುವೆಯ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ದಡದಲ್ಲೇ ಬೋರ್ಡು ಬರೆದು ಹಾಕಬೇಕು, 500 ಕೋಟಿಯ ಆದೇಶದ ಮೇಲೆ ಈವರೆಗೆ ಏನಾಯಿತು ಎಂದು ಊರಿಗೆ ತಿಳಿಸಬೇಕು ಎಂಬ ಎರಡೇ ಬೇಡಿಕೆ ಅದರಲ್ಲಿವೆ. ನೀವು ಹಡಗಿನಿಂದ ಮರಳುವವರೆಗೆ ಅದನ್ನು ಸಲ್ಲಿಸುವುದಿಲ್ಲ, ನಿಮ್ಮ ಸಹಿಗಳೂ ಬೇಕು.

ಇಂತಿ,
ನಿಮ್ಮ ಪಕ್ಕದ ಬೀದಿಯವ,
ಚಂದಾಪುರ