ಇಮ್ಯುನಿಟಿಯ ಲಾಠಿ ಚಾರ್ಜ್

ಕೋವಿಡ್ ಹೋಯಿತು, ಕಷಾಯ ಹೋಗಲಿಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಬೆಳಗಾದರೆ ಅಮೃತಬಳ್ಳಿ ರಸ, ಅದರ ಮೇಲೊಂದು ಜಿಂಕ್ ಮಾತ್ರೆ, ಎರಡು ಚಮಚ ಚ್ಯವನಪ್ರಾಶ. ಇಮ್ಯುನಿಟಿ ಹೆಚ್ಚಿದಷ್ಟೂ ಒಳ್ಳೆಯದಂತೆ.

ಅದೇ ಮನೆಯ ಸೊಸೆಗೆ ಯೋನಿಯ ಯೀಸ್ಟ್ ಸೋಂಕಾದರೆ ತೀರ್ಪು ಮೊದಲೇ ತಯಾರು: "ಉಷ್ಣ ಆಗಿದೆ", "ಇಮ್ಯುನಿಟಿ ಸಾಲದು", ಆಮೇಲೆ ದನಿ ತಗ್ಗಿಸಿ, "ಕ್ಲೀನಾಗಿರಲ್ಲ ಅನ್ಸತ್ತೆ."

ಕ್ಯಾಂಡಿಡಾ ಎಂಬ ಈ ಯೀಸ್ಟ್ ಬಹಳ ಜನರ ಮೈಯಲ್ಲಿ ತಂಟೆ ತಕರಾರಿಲ್ಲದೆ ಇರುತ್ತದೆ. ನೆಗಡಿಗೆಂದು ನುಂಗಿದ ಆಂಟಿಬಯೋಟಿಕ್ ಅದರ ನೆರೆಯ ಬ್ಯಾಕ್ಟೀರಿಯಾಗಳನ್ನು ಕೊಂದಾಗಲೋ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗಲೋ, ಬಸುರಿನಲ್ಲೋ ಅದು ಗುಂಡಗಿನ ರೂಪ ಬಿಟ್ಟು ಎಳೆಯೆಳೆಯಾಗಿ ಚಾಚಿಕೊಳ್ಳುತ್ತದೆ. ಕ್ಯಾಂಡಿಡಾಲೈಸಿನ್ ಎಂಬ ವಿಷ ಉಗುಳುತ್ತದೆ (ವಿಜ್ಞಾನಿಗಳಿಗೂ ಇದು ಸಿಕ್ಕಿದ್ದು 2016ರಲ್ಲಿ). ಒಳಪದರದ ಜೀವಕೋಶಗಳಿಗೆ ತೂತು ಬಿದ್ದದ್ದೇ ತಡ, ವೈರ್‌ಲೆಸ್ ಶುರು. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-8, "ಕೂಡಲೇ ಬನ್ನಿ!" ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ವ್ಯಾನುಗಟ್ಟಲೆ ಬಂದಿಳಿಯುತ್ತವೆ.

ಬಂದು ಮಾಡುವುದು ಲಾಠಿ ಚಾರ್ಜ್. ಆರೋಪಿಯ ಕೂದಲೂ ಕೊಂಕುವುದಿಲ್ಲ, ಏಟು ತಿನ್ನುವವರು ತಳ್ಳುಗಾಡಿಯವರು. ಯೋನಿಯಲ್ಲಿ ನ್ಯೂಟ್ರೋಫಿಲ್‌ಗಳಿಗೆ ಯೀಸ್ಟಿನ ಮೇಲೆ ಕೈಯೇ ಏಳುವುದಿಲ್ಲವೆಂದು ಇಲಿಗಳ ಪ್ರಯೋಗಗಳು ತೋರಿಸಿವೆ. ತುರಿಕೆ, ಉರಿ, ಕೆಂಪು, ಹೆಚ್ಚಿನಂಶ ಬಂದೋಬಸ್ತಿನ ಕೊಡುಗೆ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ತಾವಾಗಿ ಒಪ್ಪಿ ಬಂದ ಆರೋಗ್ಯವಂತ ಹೆಂಗಸರ ಯೋನಿಗೆ ಜೀವಂತ ಕ್ಯಾಂಡಿಡಾ ಸೇರಿಸಿಯೇ ನೋಡಿದರು. ನ್ಯೂಟ್ರೋಫಿಲ್ ಮುತ್ತಿಗೆ ಹಾಕಿದವರಿಗೆ ಉರಿ, ಪಡೆ ಬಾರದವರು ಆರಾಮ. ಸಾಲದೆ ಹೋದದ್ದಲ್ಲ ಅತ್ತೆಮ್ಮ, ಜಾಸ್ತಿಯಾದದ್ದು.

ಬಾಯಿಯ ಕತೆ ಬೇರೆ. ಎಚ್‌ಐವಿಯಿಂದ ರಕ್ಷಣೆ ಕುಸಿದವರ ನಾಲಿಗೆಯ ಮೇಲೆ ಇದೇ ಯೀಸ್ಟ್ ಬೆಳ್ಳಗೆ ಹರಡುತ್ತದೆ, ಅಲ್ಲಿ ಪೊಲೀಸರು ಬೇಕೇಬೇಕು. ಠಾಣೆ ಬದಲಾದರೆ ಅದೇ ಪಡೆಯ ನಡತೆಯೂ ಬದಲು. ಯಾವ ಠಾಣೆಗೆ ಬಲ ತುಂಬಬೇಕೆಂದು ಕಷಾಯಕ್ಕೆ ಯಾರು ಹೇಳಿಕೊಟ್ಟರೋ!

ಸಂಜೆಯ ಅಂಕ ಇನ್ನೂ ಚೆಂದ. ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದರೆ ಸಾಕು, ತ್ರೀ-ಇನ್-ಒನ್ ಹೊರಬರುತ್ತದೆ: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು ಮದ್ದು, ಜೊತೆಗೆ ಸ್ಟೆರಾಯ್ಡ್. ಚೀಟಿಯಿಲ್ಲದೆ ಸ್ಟೆರಾಯ್ಡ್ ಮುಲಾಮು ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ಬಿಗಿ ಮಾಡಿತು. ಆ ಆದೇಶ ಗೆಜೆಟ್ಟಿನಲ್ಲಿ ಕ್ಷೇಮವಾಗಿದೆ. ಸ್ಟೆರಾಯ್ಡಿನ ಕೆಲಸ ವೈರ್‌ಲೆಸ್‌ನ ಬಾಯಿ ಮುಚ್ಚಿಸುವುದು. ತುರಿಕೆ ತಗ್ಗುತ್ತದೆ, ಟ್ಯೂಬಿಗೆ ಜೈಕಾರ. ಹಚ್ಚುತ್ತಲೇ ಹೋದರೆ ಬಂದೋಬಸ್ತಿಲ್ಲದ ಬೀದಿಯಲ್ಲಿ ಯೀಸ್ಟ್ ಮಹಡಿ ಎಬ್ಬಿಸುತ್ತದೆ.

ಬೆಳಿಗ್ಗೆ ಕುಡಿದು ಎಬ್ಬಿಸಹೊರಟವರನ್ನೇ ರಾತ್ರಿ ಹಚ್ಚಿ ಮಲಗಿಸುತ್ತೇವೆ. ಎರಡಕ್ಕೂ ಕಾಸಿದೆ. ಇದು ಯೀಸ್ಟೋ ಬ್ಯಾಕ್ಟೀರಿಯಾವೋ ಎಂದು ಸ್ವಾಬ್ ತೆಗೆಸಿ ನೋಡಲು ಮಾತ್ರ ಪುರುಸೊತ್ತಿಲ್ಲ. ಅದಕ್ಕೆ ಲೇಡಿ ಡಾಕ್ಟರ ಹತ್ತಿರ ಹೋಗಬೇಕಲ್ಲ? ಮದುವೆಯಾಗದ ಹುಡುಗಿಗೆ ಅಲ್ಲೇನು ಕೆಲಸ ಎಂದು ಎದುರುಮನೆಯವರು ಕೇಳಿದರೆ?